ಜೋಳದ ಹೊಲ ಬರೆದ ಮೋಲಾ

"ಟಿಬೆಟ್ ಬರೀರಿ ಮೋಲಾ, ನಿಮ್ಮ ಹಿಮದ ಬೆಟ್ಟ ಬರೀರಿ" ಎಂದ ಸ್ವಯಂಸೇವಕ ಹುಡುಗ. ಮೋಲಾ ಎಂದರೆ ಟಿಬೆಟನ್ ಭಾಷೆಯಲ್ಲಿ ಅಜ್ಜಿ. ಎಂಬತ್ತು ದಾಟಿದ ಆ ಅಜ್ಜಿ ಬ್ರಶ್ಶಿನ ತುದಿ ನೋಡುತ್ತಾ ಹೇಳಿದರು: "ಅದು ನೋಡಿ ಅರವತ್ತು ವರ್ಷ ಆಯ್ತಪ್ಪ. ನಾನು ಜೋಳ ಹಾಕ್ತೀನಿ."

ಈ ವಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ ಹಿರಿಯರಿಗಾಗಿ ನಡೆದ ಚಿತ್ರ ಬರೆಯುವ ಕಾರ್ಯಕ್ರಮದಲ್ಲಿ ಕೇಳಿದ ಈ ಮಾತು ಇನ್ನೂ ಕಿವಿಯಿಂದ ಹೋಗಿಲ್ಲ. ಮೈಸೂರು ಸರ್ಕಾರ ಇಲ್ಲಿ ಸುಮಾರು 3000 ಎಕರೆ ಕೊಟ್ಟು, 1961ರಲ್ಲಿ ಮೊದಲ ಶಿಬಿರಗಳು ಎದ್ದವು. ಬಂದವರು ಗುಡಾರದಲ್ಲಿ ಮಲಗಿ ಕಾಡು ಕಡಿದರು, ಮುಸುಕಿನ ಜೋಳ ಬಿತ್ತಿದರು, ಆನೆಗಳಿಂದ ಹೊಲ ಕಾದರು. ಮೋಲಾ ಬರೆದದ್ದು ಅದನ್ನೇ: ಹಸಿರು ಗೆರೆಗಳ ಸಾಲು, ಅಂಚಿನಲ್ಲಿ ಬೂದು ಬಣ್ಣದ ಎರಡು ದೊಡ್ಡ ಗುಡ್ಡೆ. ಆನೆಗಳಾ ಎಂದರೆ ಹೌದೆಂದು ತಲೆಯಾಡಿಸಿದರು. ಆಮೇಲೂ ಹುಡುಗ ಸುಮ್ಮನಿರಲಿಲ್ಲ, ನೀಲಿ ಅದ್ದಿ ಮೇಲ್ಗಡೆ ತಾನೇ ಒಂದು ಬೆಟ್ಟ ಎಳೆದ. ಒಳ್ಳೆಯ ಹುಡುಗನೇ. ಬೆಳಿಗ್ಗೆ ಬೇಗ ಬಂದು ಕುರ್ಚಿ ಜೋಡಿಸಿದವನು ಅವನೇ. ಆದರೆ ಮೋಲಾ ಬ್ರಶ್ ಕೆಳಗಿಟ್ಟವರು ಮತ್ತೆ ಎತ್ತಿಕೊಳ್ಳಲಿಲ್ಲ.

ಇಂಥ ಕೆಲಸಕ್ಕೆ ಮನಸ್ಸೊಂದೇ ಸಾಲದು, ತಯಾರಿ ಬೇಕು. ಮೊದಲು ಸಮಯ. ಬೆಳಗಿನ ಪ್ರದಕ್ಷಿಣೆ, ಪ್ರಾರ್ಥನೆ ಮುಗಿದ ಮೇಲೆ, ಹತ್ತರಿಂದ ಹನ್ನೊಂದೂವರೆವರೆಗೆ ಸರಿ. ಅದಕ್ಕಿಂತ ಎಳೆದರೆ ಸೊಂಟ ನೋಯುತ್ತದೆ, ಊಟದ ಹೊತ್ತಾಗುತ್ತದೆ. ಹುಣ್ಣಿಮೆಯ ದಿನ ಇಡಲೇಬಾರದು, ಎಲ್ಲರೂ ಗೊಂಪಾದಲ್ಲಿ, ಅಂದರೆ ಬೌದ್ಧ ಮಠದಲ್ಲಿರುತ್ತಾರೆ.

ಬಂದವರ ಕೈ ಖಾಲಿ ಇರುವುದಿಲ್ಲ ಎಂಬುದನ್ನು ಸ್ವಯಂಸೇವಕರು ಬಹಳಷ್ಟು ಸಲ ಮರೆಯುತ್ತಾರೆ. ಬಲಗೈಯಲ್ಲಿ ಮಣಿಚಕ್ರ (ಪ್ರಾರ್ಥನೆಯ ಚಕ್ರ) ತಿರುಗುತ್ತಿರುತ್ತದೆ, ಎಡಗೈಯಲ್ಲಿ ಜಪಮಾಲೆ. ಬ್ರಶ್ ಹಿಡಿಯಬೇಕಾದರೆ ಚಕ್ರವನ್ನು ಎಲ್ಲಾದರೂ ಇಡಬೇಕು. ಅದರೊಳಗೆ ಮಂತ್ರದ ಸುರುಳಿ ಇರುವುದರಿಂದ ನೆಲಕ್ಕಾಗಲಿ ಕುರ್ಚಿಯ ಸೀಟಿಗಾಗಲಿ ಇಡುವವರಲ್ಲ. ಇಬ್ಬರಿಗೊಂದರಂತೆ ಎತ್ತರದ ಸ್ಟೂಲ್ ಇಟ್ಟು, ಮೇಲೆ ಒಗೆದ ಬಟ್ಟೆ ಹಾಸಿ. ಇಷ್ಟು ಮಾಡದಿದ್ದರೆ "ಅವರಿಗೆ ಆಸಕ್ತಿಯಿಲ್ಲ" ಎಂದು ವರದಿ ಬರೆದು ವಾಪಸಾಗುತ್ತೀರಿ. ಮೇಜಿಗೆ ಹಾಸುವ ಹಳೆ ಪೇಪರಿನಲ್ಲೂ ಟಿಬೆಟನ್ ಅಕ್ಷರ, ಲಾಮಾಗಳ ಫೋಟೊ ಇರಕೂಡದು. ಕಂದು ಕಾಗದ ಹಾಸಿದರೆ ಇನ್ನೊಂದು ಲಾಭವಿದೆ: ಪೊರೆ ಬಂದ ಕಣ್ಣಿಗೆ ಬಿಳಿ ಮೇಜಿನ ಮೇಲೆ ಬಿಳಿ ಹಾಳೆಯ ಅಂಚು ಕಾಣುವುದಿಲ್ಲ, ಕಂದಿನ ಮೇಲೆ ಕಾಣುತ್ತದೆ.

ಡ್ರಾಯಿಂಗ್ ಪುಸ್ತಕದ ತೆಳು ಹಾಳೆ ನೀರು ಬಿದ್ದರೆ ಸುರುಳಿಯಾಗಿ ಹರಿಯುತ್ತದೆ. 300 ಜಿಎಸ್‌ಎಂನ ದಪ್ಪ ಹಾಳೆಯನ್ನು ಎ3 ಅಳತೆಗೆ ಕತ್ತರಿಸಿ, ನಾಲ್ಕೂ ಬದಿ ಮಾಸ್ಕಿಂಗ್ ಟೇಪಿನಿಂದ ರಟ್ಟಿಗೆ ಅಂಟಿಸಿ. 10 ಅಥವಾ 12ನೇ ನಂಬರಿನ ಚಪ್ಪಟೆ ಬ್ರಶ್ ಸಾಕು, ಆದರೆ ಸಂಧಿವಾತದ ಬೆರಳಿಗೆ ಸಣ್ಣ ಹಿಡಿ ನಿಲ್ಲದು. ಬಟ್ಟೆಯ ಪಟ್ಟಿ ಸುತ್ತಿ ಹೆಬ್ಬೆರಳಿನ ದಪ್ಪ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ. ಅಕ್ರಿಲಿಕ್ ಬೇಡವೇ ಬೇಡ. ಹೆಂಗಸರು ಉಡುವ ಪಟ್ಟೆಪಟ್ಟೆಯ ಮುಂಗವಚ ಪಂಗ್ಡೆನ್ ಮೇಲೆ ಒಣಗಿತೆಂದರೆ ಹೋಗುವುದಿಲ್ಲ. ಪೋಸ್ಟರ್ ಕಲರ್ ಆದರೆ ಒಗೆದಾಗ ಬಹುಮಟ್ಟಿಗೆ ಬಿಡುತ್ತದೆ. ಬ್ರಶ್ ತೊಳೆಯುವ ನೀರನ್ನು ಲೋಟದಲ್ಲಿ ಇಡಬೇಡಿ. ಪಕ್ಕದಲ್ಲೇ ಬೆಣ್ಣೆ ಚಹಾ ಇದ್ದರೆ ಬ್ರಶ್ ಚಹಾಕ್ಕೆ ಹೋಗುತ್ತದೆ, ಇಲ್ಲವೇ ಬಣ್ಣದ ನೀರು ಬಾಯಿಗೆ ಹೋಗುತ್ತದೆ. ಅಗಲ ತಳದ ಡಬ್ಬಿಯಲ್ಲಿ ಅರ್ಧ ನೀರು, ಚಹಾಕ್ಕೆ ಬೇರೆ ಹೊತ್ತು, ಬೇರೆ ಮೇಜು.

ಮೂವರು ಹಿರಿಯರಿಗೆ ಒಬ್ಬ ಸ್ವಯಂಸೇವಕ ಸಾಕು. ಹೆಚ್ಚಾದಷ್ಟೂ ಕೈ ಹಾಕುವವರು ಹೆಚ್ಚುತ್ತಾರೆ.

ವಸ್ತುಗಳ ಮಾತು ಸುಲಭ. ಕಷ್ಟವಿರುವುದು ನಾವು ಕೇಳುವ ಪ್ರಶ್ನೆಯಲ್ಲಿ. ನಿರಾಶ್ರಿತರೆಂದ ಕೂಡಲೇ ಕಳೆದುಕೊಂಡದ್ದನ್ನೇ ಬರೆಯಲಿ ಎಂದು ಏಕೆ ಬಯಸುತ್ತೇವೆ? ಹಿಮದ ಬೆಟ್ಟ ಬಂದರೆ ಪ್ರದರ್ಶನಕ್ಕೆ ಬೆಲೆ, ಜೋಳ ಬಂದರೆ ನಿರಾಸೆ. ಹದಿನೈದರ ಹುಡುಗಿಯಾಗಿ ಬಿಟ್ಟುಬಂದ ನಾಡಿಗಿಂತ, ಬೆನ್ನು ಬಾಗುವ ತನಕ ಬಿತ್ತಿದ ಪಿರಿಯಾಪಟ್ಟಣದ ಹೊಲ ಮೋಲಾಗೆ ಹೆಚ್ಚು ಗೊತ್ತು. ಮಕ್ಕಳು ಕೆನಡಾ, ಅಮೆರಿಕ ಸೇರಿ ಒಂಟಿಯಾಗಿರುವ ಮುದುಕರು ಇಲ್ಲಿ ಕಡಿಮೆಯಿಲ್ಲ. ಅಂಥ ಒಬ್ಬ ಪೋಲಾ, ಅಂದರೆ ಅಜ್ಜ, ಬರೆದದ್ದು ವಿಮಾನವನ್ನು. "ಅದು ನೋಡಿ ಅರವತ್ತು ವರ್ಷ ಆಯ್ತಪ್ಪ" ಎನ್ನುವಾಗ ಮೋಲಾ ದನಿಯಲ್ಲಿ ನೋವು ಹುಡುಕಿದೆವು. ನನಗನ್ನಿಸುವುದು, ಅದು ಲೆಕ್ಕ ಕೊಟ್ಟಂತಿತ್ತು ಅಷ್ಟೇ. ತಾನು ಏನು ಬರೆಯಬೇಕೆಂದು ಆಕೆಗೆ ಮೊದಲೇ ಗೊತ್ತಿತ್ತು.

ಹಾಗಾಗಿ ವಿಷಯ ಕೊಡಬೇಡಿ. ಕೊಡಲೇಬೇಕಾದರೆ "ಇವತ್ತು ಬೆಳಿಗ್ಗೆ ಏನು ಕಂಡಿರಿ" ಎಂದು ಕೇಳಿ. ಅವರ ಹಾಳೆಯ ಮೇಲೆ ನಿಮ್ಮ ಬ್ರಶ್ ಬೀಳಬಾರದು, ಮಾಡಿ ತೋರಿಸುವುದಿದ್ದರೆ ಬೇರೆ ಹಾಳೆ ತೆಗೆದುಕೊಳ್ಳಿ. ಒಣಗಿದ ಚಿತ್ರ ಬರೆದವರ ಕೋಣೆಗೇ ಹೋಗಲಿ. ಬೆಂಗಳೂರಿನ ಪ್ರದರ್ಶನಕ್ಕೆ ಬೇಕಿದ್ದರೆ ಅವರನ್ನು ಕೇಳಿ, ಫೋಟೊ ತೆಗೆದು, ಅದನ್ನು ಮುದ್ರಿಸಿ ಹಾಕಿ.