ತಪ್ಪಿನ ಪುಸ್ತಕ

ಕಳೆದ ತಿಂಗಳು ಒಂದು ಶನಿವಾರ ಬೆಳಗ್ಗೆ ಶಾಂಘಾಯಿಯಲ್ಲಿ ಜೊತೆಗೆ ಓದಿದವರ ವೀಚಾಟ್ ಗುಂಪಿಗೆ ಒಂದು ಫೋಟೊ ಬಂತು. ವೀಚಾಟ್ ಅಂದರೆ ಚೀನಾದವರ ವಾಟ್ಸಾಪ್. ಹಸಿರು ಬೋರ್ಡಿನ ಮುಂದೆ ಕುಳ್ಳಗಿನ ಒಬ್ಬ ಹೆಂಗಸು. ಚಾಕ್‌ಪೀಸಿನ ಪುಡಿ ತಾಗದಿರಲಿ ಅಂತ ಎರಡೂ ತೋಳಿಗೆ ನೀಲಿ ಬಟ್ಟೆಯ ಗವಸು. ಮೇಜಿನ ಮೇಲೆ ಚಹಾದ ಎಲೆ ತೇಲುವ ಗಾಜಿನ ಬಾಟಲಿ. ಕೆಳಗೆ ಒಂದೇ ಸಾಲು: ನಮ್ಮ ಲಾವೋಶಿ ಇನ್ನಿಲ್ಲ. ಲಾವೋಶಿ ಅಂದರೆ ಚೀನಿಯಲ್ಲಿ ಟೀಚರ್.

ಅದೇ ವಾರ ಊರಿನ ನನ್ನ ಹಳೇ ಶಾಲೆಯಿಂದಲೂ ಮೆಸೇಜು ಬಂದಿತ್ತು. "ನೀವು ಚೀನಾದಲ್ಲೂ ಓದಿದ್ದೀರಿ, ಇಂಗ್ಲೆಂಡಿನಲ್ಲೂ ಓದಿದ್ದೀರಿ. ಎಲ್ಲಿ ಶಿಸ್ತು ಜಾಸ್ತಿ, ಎಲ್ಲಿ ಪಾಠ ಚೆನ್ನ, ಶಾಲೆಯ ಸಂಚಿಕೆಗೆ ಬರೆದುಕೊಡಿ" ಅಂತ. ಬರೆಯಲು ಕೂತರೆ ಕಣ್ಣ ಮುಂದೆ ಬರುವುದು ಇಬ್ಬರೇ. ಶಾಂಘಾಯಿಯ ಲಾವೋಶಿ, ಇಂಗ್ಲೆಂಡಿನ ಸರ್. ಇಬ್ಬರೂ ಗಣಿತ ಕಲಿಸಿದವರು. ಯಾವ ವರ್ಷ ಯಾವ ಪಾಠ ಇತ್ತು ಅಂತ ಕೇಳಿದರೆ ಮಾತ್ರ ಹೇಳಲಾರೆ.

ಊರಿನ ಈ ಶಾಲೆಯಲ್ಲಿ ನಾನು ಓದಿದ್ದು 5ನೇ ಕ್ಲಾಸಿನವರೆಗೆ. 2008ರಲ್ಲಿ ಅಪ್ಪನಿಗೆ ಶಾಂಘಾಯಿಗೆ ವರ್ಗವಾಯಿತು. ಅಲ್ಲಿ ಪ್ರೈಮರಿ 5 ವರ್ಷ, ಮಿಡ್ಲ್ ಸ್ಕೂಲು 4 ವರ್ಷ. ಹಾಗಾಗಿ ನೇರ ಮಿಡ್ಲ್ ಸ್ಕೂಲಿಗೇ ಸೇರಿದೆ. ಇಂಟರ್‌ನ್ಯಾಷನಲ್ ಸ್ಕೂಲಿನ ಫೀಸು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಅಲ್ಲಿಯ ಮಕ್ಕಳೇ ಹೋಗುವ ಮಾಮೂಲಿ ಶಾಲೆ ಅದು. ಭಾಷೆಯ ಒಂದಕ್ಷರವೂ ನನಗೆ ಬರುತ್ತಿರಲಿಲ್ಲ. ಮೂರನೇ ದಿನ ಪಕ್ಕದ ಹುಡುಗಿ ಲೆಕ್ಕ ಮಾಡುತ್ತಾ "ಜ್ಯೂ ಜ್ಯೂ ಬಾ ಶ ಈ" ಅಂತ ಗುನುಗಿ 81 ಬರೆದಳು. ಒಂಬತ್ತೊಂಬತ್ಲ ಎಂಬತ್ತೊಂದು! ನನಗೆ ಜೀವ ಬಂದ ಹಾಗಾಯಿತು. ಅವರ ಮಗ್ಗಿ ಒಂಬತ್ತಕ್ಕೇ ನಿಲ್ಲುತ್ತದೆ. ನಾನು ಕನ್ನಡದಲ್ಲಿ ಇಪ್ಪತ್ತರವರೆಗೆ ಒಪ್ಪಿಸಿದೆ. ಸುತ್ತ ನಿಂತು ಕೇಳಿದರು. ಈ ಶಾಲೆಯ ಮಗ್ಗಿಯೇ ಅಲ್ಲಿ ನನ್ನ ಮರ್ಯಾದೆ ಉಳಿಸಿದ್ದು.

ಚೀನಾದ ಶಿಸ್ತು ಅಂದ ಕೂಡಲೇ ನಮ್ಮವರು ಬೆತ್ತ ಅಂದುಕೊಳ್ಳುತ್ತಾರೆ. ಮೂರು ವರ್ಷದಲ್ಲಿ ನಾನು ಅಲ್ಲಿ ಒಂದು ಬೆತ್ತವನ್ನೂ ನೋಡಲಿಲ್ಲ. ಮಕ್ಕಳನ್ನು ಹೊಡೆಯಬಾರದು ಅಂತ ಅವರ ಕಡ್ಡಾಯ ಶಿಕ್ಷಣದ ಕಾನೂನಿನಲ್ಲಿ 1986ರಲ್ಲೇ ಬರೆದಿದೆ. ಬ್ರಿಟನ್ನಿನಲ್ಲೂ ಸರ್ಕಾರಿ ಶಾಲೆಗಳ ಬೆತ್ತ ನಿಂತದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ, 1987ರಲ್ಲಿ. ಹಾಗಾದರೆ ನಲವತ್ತು ಮಕ್ಕಳು ಹೇಗೆ ಸುಮ್ಮನೆ ಕೂರುತ್ತಿದ್ದರು? ಕ್ಲಾಸು ನಮ್ಮದು ಅನ್ನುವ ಒಂದು ಭಾವನೆ ಇತ್ತು. ರೂಮು ನಮ್ಮದು, ಟೀಚರುಗಳೇ ನಮ್ಮಲ್ಲಿಗೆ ಬರುತ್ತಿದ್ದರು. ಗುಡಿಸುವುದು, ಬೋರ್ಡು ಒರೆಸುವುದು, ಕಿಟಕಿ ತೊಳೆಯುವುದು ಎಲ್ಲ ನಮ್ಮ ಸರದಿ. ಬೆಲ್ಲಾದರೆ ಬಾನ್‌ಝಾಂಗ್, ಅಂದರೆ ಲೀಡರ್ ಹುಡುಗಿ, "ಚಿ ಲೀ" ಅನ್ನುತ್ತಿದ್ದಳು. ಎಲ್ಲರೂ ಎದ್ದು "ಲಾವೋಶಿ ಹಾವ್" ಅನ್ನುತ್ತಿದ್ದೆವು. ಊರಿನ ಶಾಲೆಯಲ್ಲಿ ನಾವು "ನಮಸ್ತೇ ಟೀಚರ್" ಅಂತ ಎಳೆದು ಹಾಡುತ್ತಿದ್ದೆವಲ್ಲ, ಅದೇ ರಾಗ ಅಂತ ನನಗೆ ಅನಿಸುತ್ತಿತ್ತು.

ಲಾವೋಶಿ ನಮ್ಮ ಕ್ಲಾಸ್ ಟೀಚರೂ ಹೌದು. ದಿನಕ್ಕೆ ಅವರು ಪಾಠ ಮಾಡುತ್ತಿದ್ದುದು ಎರಡೋ ಮೂರೋ ಪೀರಿಯಡ್, ಅದೂ 40 ನಿಮಿಷದ್ದು. ಮಿಕ್ಕ ಹೊತ್ತೆಲ್ಲ ಆಫೀಸಿನಲ್ಲಿ ನೋಟ್‌ಬುಕ್ ತಿದ್ದುತ್ತಾ ಕೂತಿರುತ್ತಿದ್ದರು. ಬೆಳಗ್ಗೆ ಕೊಟ್ಟ ಹೋಮ್‌ವರ್ಕು ಮಧ್ಯಾಹ್ನ ವಾಪಸ್. ತಪ್ಪಿದ್ದರೆ ಕೆಂಪು ಅರ್ಧಚಂದ್ರ. ತಿದ್ದಿಕೊಂಡು ಆಫೀಸಿಗೆ ಹೋಗಿ ಅವರ ಪಕ್ಕ ನಿಂತು ತೋರಿಸಬೇಕು. ಸರಿಯಾದರೆ ಆ ಅರ್ಧಚಂದ್ರದ ಪಕ್ಕ "ಯ್ವೆ" ಅನ್ನುವ ಅಕ್ಷರ ಬರೆದು ತಾರೀಕು ಹಾಕುತ್ತಿದ್ದರು. ನೋಡಿದ್ದೇನೆ ಅಂತ ಅರ್ಥ. ಅದು ಬೀಳುವ ತನಕ ಮನೆಗೆ ಹೋಗುವ ಹಾಗಿಲ್ಲ.

ಅದರ ಜೊತೆಗೆ ಪ್ರತಿಯೊಬ್ಬರ ಹತ್ತಿರವೂ ಒಂದು ತಪ್ಪಿನ ಪುಸ್ತಕ. ತಪ್ಪು ಮಾಡಿದ ಲೆಕ್ಕವನ್ನು ಅದರಲ್ಲಿ ಮತ್ತೆ ಬರೆಯಬೇಕು. ಎಲ್ಲಿ ತಪ್ಪಿತು, ಯಾಕೆ ತಪ್ಪಿತು, ಸರಿ ಯಾವುದು. ಪರೀಕ್ಷೆಗೆ ಮುಂಚೆ ನಾವು ಓದುತ್ತಿದ್ದುದು ಟೆಕ್ಸ್ಟ್ ಬುಕ್ ಅಲ್ಲ, ನಮ್ಮ ನಮ್ಮ ತಪ್ಪುಗಳನ್ನು.

ಇನ್ನು ಆ ಸೂರ್ಯಕಾಂತಿ ಬೀಜದ ಕಥೆ. ಚೀನಾದ ಶಾಲೆಗಳಲ್ಲಿ ದಿನಾ ಕಣ್ಣಿನ ವ್ಯಾಯಾಮ ಇರುತ್ತದೆ. ಸ್ಪೀಕರಿನಲ್ಲಿ ಸಂಗೀತ, ಒಂದರಿಂದ ಎಂಟರ ಎಣಿಕೆ. ಎಲ್ಲರೂ ಕಣ್ಣು ಮುಚ್ಚಿ ಹುಬ್ಬು, ಕೆನ್ನೆ ಒತ್ತಿಕೊಳ್ಳಬೇಕು. ನನ್ನ ಪಕ್ಕದ ಹುಡುಗಿಯ ಅಪ್ಪ ಅಮ್ಮ ಆನ್‌ಹುಯಿ ಪ್ರಾಂತ್ಯದಿಂದ ದುಡಿಯಲು ಬಂದವರು. ಊರಿಂದ ತಂದ ಹುರಿದ ಬೀಜ ಅವಳ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. ಸಂಗೀತದ ಗದ್ದಲದಲ್ಲಿ ಸಿಪ್ಪೆ ಒಡೆಯುವ ಸದ್ದು ಕೇಳಿಸದು ಅಂತ ಕಂಡುಹಿಡಿದದ್ದು ನಾನು. ಒಂದು ವಾರ ಸೊಗಸಾಗಿ ನಡೆಯಿತು. ಎರಡನೇ ವಾರ ತೋಳಿಗೆ ಕೆಂಪು ಪಟ್ಟಿ ಕಟ್ಟಿದ ದೊಡ್ಡ ಕ್ಲಾಸಿನ ಹುಡುಗರು ತಪಾಸಣೆಗೆ ಬಂದರು. ಡೆಸ್ಕಿನ ಕೆಳಗೆ ಸಿಪ್ಪೆಯ ರಾಶಿ. ಬಾನ್‌ಝಾಂಗ್ ನಮ್ಮಿಬ್ಬರ ಹೆಸರನ್ನೂ ಬರೆದುಕೊಂಡಳು. ನಮ್ಮ ಕ್ಲಾಸಿಗೆ 2 ಅಂಕ ಖೋತಾ. ಒಳ್ಳೇ ಕ್ಲಾಸಿಗೆ ಅಂತ ಕೊಟ್ಟು ಬಾಗಿಲ ಪಕ್ಕ ತೂಗುತ್ತಿದ್ದ ಆ ವಾರದ ಕೆಂಪು ಬಾವುಟ ಪಕ್ಕದ ಕ್ಲಾಸಿಗೆ ಹೋಯಿತು.

ಯಾರೂ ಬೈಯಲಿಲ್ಲ. ನಲವತ್ತು ಜನ ಖಾಲಿ ಮೊಳೆಯನ್ನು ನೋಡಿದರು, ಆಮೇಲೆ ನಮ್ಮನ್ನು ನೋಡಿದರು. ಆ ನೋಟ ಈಗಲೂ ನೆನಪಿದೆ. ಶಿಕ್ಷೆ ಅಂದರೆ ತಪ್ಪೊಪ್ಪಿಗೆಯ ಪತ್ರ, 500 ಅಕ್ಷರ, ಮರುದಿನ ಕ್ಲಾಸಿನ ಮುಂದೆ ನಿಂತು ಓದಬೇಕು. ನನಗೆ ಅಷ್ಟು ಚೀನಿ ಎಲ್ಲಿ ಬರುತ್ತಿತ್ತು? ಸಂಜೆ ಕತ್ತಲಾಗುವ ತನಕ ಲಾವೋಶಿ ಆಫೀಸಿನಲ್ಲಿ ನನ್ನ ಪಕ್ಕ ಕೂತರು. ಆ ಪತ್ರದಲ್ಲೂ ತಪ್ಪು ಅಕ್ಷರ ಸಿಕ್ಕಾಗ ಅರ್ಧಚಂದ್ರ ಹಾಕಿದರು. ತಿದ್ದಿಸಿ, ಮತ್ತೆ ಓದಿಸಿ, ಬಿಸಿನೀರು ಕುಡಿಸಿ ಕಳಿಸಿದರು. ನನ್ನ ಚೀನಿ ಭಾಷೆ ಗಟ್ಟಿಯಾದದ್ದು ಆ ಪತ್ರದಿಂದಲೇ ಅಂತ ನಾನು ನಂಬಿದ್ದೇನೆ.

ಆ ಹುಡುಗಿ 8ನೇ ಕ್ಲಾಸು ಮುಗಿಸಿ ಆನ್‌ಹುಯಿಗೆ ವಾಪಸ್ ಹೋದಳು. ಅವಳ ಹೆಸರು ಶಾಂಘಾಯಿಯ ಕುಟುಂಬ ನೋಂದಣಿಯಲ್ಲಿ ಇರಲಿಲ್ಲ. ಅಲ್ಲೇ ಇದ್ದರೆ ಆಗ ಮುಂದೆ ಹೈಸ್ಕೂಲಿಗೆ ದಾರಿ ಇರಲಿಲ್ಲ. ನಮ್ಮ ವೀಚಾಟ್ ಗುಂಪಿನಲ್ಲಿ ಅವಳಿಲ್ಲ. ಶಾಂಘಾಯಿಯ ಶಾಲೆಗಳನ್ನು ಯಾರಾದರೂ ಹೊಗಳಿದಾಗ ನಾನು ಹೂಂ ಅನ್ನುತ್ತೇನೆ, ಆದರೆ ನನಗೆ ಅವಳ ಖಾಲಿ ಜಾಗವೂ ಕಾಣುತ್ತದೆ.

2011ರಲ್ಲಿ ಅಪ್ಪನಿಗೆ ಇಂಗ್ಲೆಂಡು. ಮೊದಲ ದಿನ ಸರ್ ಒಳಗೆ ಬಂದ ಕೂಡಲೇ ನಾನು ಎದ್ದು ನಿಂತೆ. ಎದ್ದವಳು ನಾನೊಬ್ಬಳೇ. ಸರ್ ನನ್ನತ್ತ ತಲೆ ಬಾಗಿಸಿ "ಥ್ಯಾಂಕ್ಯೂ, ಕೂತ್ಕೋ" ಅಂದರು. ಅವರ ಶಿಸ್ತೆಲ್ಲ ಆ ಥ್ಯಾಂಕ್ಯೂನಲ್ಲೇ ಇತ್ತು. "ಪೆನ್ನು ಕೆಳಗಿಡಿ, ಥ್ಯಾಂಕ್ಯೂ." ಇನ್ನೂ ಇಟ್ಟೇ ಇರುವುದಿಲ್ಲ, ಆಗಲೇ ಥ್ಯಾಂಕ್ಸ್ ಹೇಳಿಯಾಗಿರುತ್ತದೆ. ಇಡದೆ ಇರುವುದು ಹೇಗೆ? ಕೇಳದವರಿಗೆ ಒಂದು ಎಚ್ಚರಿಕೆ, ಎರಡು ಎಚ್ಚರಿಕೆ, ಮೂರನೆಯದಕ್ಕೆ ಡಿಟೆನ್ಷನ್. ತಪ್ಪು ಮಾಡಿದವನೊಬ್ಬನೇ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರಬೇಕು. ಉಳಿದ ಕ್ಲಾಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಮೊದಮೊದಲು ನನಗೆ ಇದು ತಣ್ಣಗೆ ಅನಿಸಿತು.

ಆದರೆ ನನಗೆ ನೋವಾದದ್ದು ಬೇರೆ ವಿಷಯಕ್ಕೆ. ಅಲ್ಲಿ ಗಣಿತಕ್ಕೆ ಮಕ್ಕಳನ್ನು ಮಟ್ಟ ನೋಡಿ ಸೆಟ್ ಸೆಟ್ ಮಾಡುತ್ತಾರೆ, ಜಾಣರದ್ದು ಮೊದಲ ಸೆಟ್. ನನ್ನ ಇಂಗ್ಲಿಷ್ ನೋಡಿ ಐದರಲ್ಲಿ ನಾಲ್ಕನೇ ಸೆಟ್ಟಿಗೆ ಹಾಕಿದರು. ಆಗಿನ ಜಿಸಿಎಸ್ಇಯಲ್ಲಿ, ಅಂದರೆ 16ರ ವಯಸ್ಸಿನ ಪಬ್ಲಿಕ್ ಪರೀಕ್ಷೆಯಲ್ಲಿ, ಇಂಥ ಸೆಟ್ಟಿನವರ ಹಾಗೆ ಗಣಿತದ ಕೆಳಗಿನ ಮಟ್ಟದ ಪೇಪರ್ ಬರೆದವರಿಗೆ ಸಿ ಗ್ರೇಡಿಗಿಂತ ಮೇಲೆ ಸಿಗುತ್ತಿರಲಿಲ್ಲ. ಆ ಸೆಟ್ಟಿನ ಮಕ್ಕಳು "ನನಗೆ ಗಣಿತ ಬರಲ್ಲ" ಅನ್ನುವುದನ್ನು ಕಣ್ಣಿನ ಬಣ್ಣ ಹೇಳಿದ ಹಾಗೆ ಹೇಳುತ್ತಿದ್ದರು. ಶಾಂಘಾಯಿಯಲ್ಲಿ ಮೂರು ವರ್ಷ ನಾನು ಆ ಮಾತು ಕೇಳಿರಲಿಲ್ಲ. ಅಲ್ಲಿ ಬರದಿದ್ದರೆ ಇನ್ನೂ ಮಾಡಿಲ್ಲ ಅಂತ ಅರ್ಥ, ಅಷ್ಟೇ.

ನನ್ನ ತಪ್ಪಿನ ಪುಸ್ತಕ ನೋಡಿದ್ದು ಸರ್. ಒಂದು ಮಧ್ಯಾಹ್ನ ಅದನ್ನು ಕೈಗೆ ತಗೊಂಡು ಪುಟ ತಿರುವಿದರು. ಚೀನಿ ಅಕ್ಷರ ಗೊತ್ತಿಲ್ಲ, ಲೆಕ್ಕ ಗೊತ್ತಲ್ಲ. ಎರಡು ವಾರದಲ್ಲಿ ನನ್ನನ್ನು ಮೊದಲ ಸೆಟ್ಟಿಗೆ ಹಾಕಿಸಿದರು. ಮುಂದೆ ಅದೇ ಜಿಸಿಎಸ್ಇ ಪರೀಕ್ಷೆಯಲ್ಲಿ ನಾನು ಎ ಸ್ಟಾರ್, ಅಂದರೆ ಎಲ್ಲಕ್ಕೂ ಮೇಲಿನ ಗ್ರೇಡು, ತಗೊಂಡೆ. ಆದರೆ ಅವರ ದೊಡ್ಡ ಉಪಕಾರ ಅದಲ್ಲ. ಒಂದು ದಿನ ನನ್ನ ತಪ್ಪು ಉತ್ತರವೊಂದನ್ನು ಬೋರ್ಡಿನ ಮೇಲೆ ಬರೆದು "ಇದು ಎಷ್ಟು ಒಳ್ಳೇ ತಪ್ಪು ನೋಡಿ. ಯಾಕೆ ಹೀಗೆ ಯೋಚಿಸಿದೆ, ಹೇಳು" ಅಂದರು. ನಾನು ಬಾಯಿ ತೆರೆಯಲಿಲ್ಲ. ಶಾಂಘಾಯಿಯ ಕ್ಲಾಸಿನಲ್ಲಿ ನಾನು ಒಂದು ಪ್ರಶ್ನೆಯನ್ನೂ ಕೇಳಿದವಳಲ್ಲ. ಸರ್ ಕಾದರು. ಇಡೀ ಕ್ಲಾಸು ಕಾಯಿತು. ಕೊನೆಗೆ ಹೇಳಿದೆ. ಅದರ ಮೇಲೆ ಹುಡುಗರು ವಾದಕ್ಕೆ ಇಳಿದರು, ಪೀರಿಯಡ್ ಮುಗಿದರೂ ನಿಲ್ಲಲಿಲ್ಲ. ನನ್ನ ತಪ್ಪಿನ ಮೇಲೆ ಅಷ್ಟು ಜನ ಯೋಚಿಸಿದ್ದು ಅದೇ ಮೊದಲು.

ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎಲ್ಲರ ಬಾಯಲ್ಲೂ ಶಾಂಘಾಯಿ. ಬೇರೆ ಬೇರೆ ದೇಶಗಳ 15 ವರ್ಷದ ಮಕ್ಕಳನ್ನು ಹೋಲಿಸುವ ಪೀಸಾ ಪರೀಕ್ಷೆಯಲ್ಲಿ, 2012ರ ಗಣಿತದಲ್ಲಿ, ಶಾಂಘಾಯಿಗೆ 613 ಅಂಕ, ಬ್ರಿಟನ್ನಿಗೆ 494. 2014ರಲ್ಲಿ ಶಾಂಘಾಯಿಯ ಗಣಿತದ ಟೀಚರುಗಳನ್ನು ಕರೆಸಿಕೊಂಡರು, ಇಂಗ್ಲೆಂಡಿನವರನ್ನು ಅಲ್ಲಿಗೆ ಕಳಿಸಿದರು. 2016ರಲ್ಲಿ ಆ ಕ್ರಮವನ್ನು 8,000 ಪ್ರೈಮರಿ ಶಾಲೆಗಳಿಗೆ ತಲುಪಿಸಲು 4 ಕೋಟಿ 10 ಲಕ್ಷ ಪೌಂಡ್ ತೆಗೆದಿಟ್ಟರು. ನಡುವೆ 2015ರಲ್ಲಿ ಬಿಬಿಸಿಯವರು ಹ್ಯಾಂಪ್‌ಶೈರಿನ ಬೋಹಂಟ್ ಸ್ಕೂಲಿನಲ್ಲಿ ಐವರು ಚೀನಿ ಟೀಚರುಗಳಿಂದ 50 ಮಕ್ಕಳಿಗೆ ನಾಲ್ಕು ವಾರ ಪಾಠ ಮಾಡಿಸಿ ತೋರಿಸಿದರು. ಮಕ್ಕಳು ಮಾತು ಕೇಳುತ್ತಿರಲಿಲ್ಲ, ಟೀಚರುಗಳು ಬೇಸತ್ತರು. ಕೊನೆಯ ಪರೀಕ್ಷೆಯಲ್ಲಿ ಚೀನಿ ಕ್ರಮದಲ್ಲಿ ಕಲಿತವರೇ ಮುಂದೆ ಬಂದರು. ಕಾಲೇಜಿನ ಗೆಳೆಯರು ಅದನ್ನು ನೋಡಿ "ಎಂಥ ಕಟ್ಟುನಿಟ್ಟು" ಅಂದರು. ನನಗೆ ಹೊಟ್ಟೆ ಉರಿಯಿತು. ಟೀವಿಯಲ್ಲಿ ಕಂಡದ್ದು ಸಾಲಾಗಿ ನಿಲ್ಲುವುದು, ಬೋರ್ಡು, ದೊಡ್ಡ ದನಿ. ಆಫೀಸಿನಲ್ಲಿ ಒಂದು ಮಗುವಿನ ಪಕ್ಕ ಕೂತು ತಿದ್ದಿಸುವ ಹೊತ್ತನ್ನು ನಾಲ್ಕು ವಾರದಲ್ಲಿ ಹೇಗೆ ತೋರಿಸುತ್ತಾರೆ?

ಲಾವೋಶಿಗೆ ಆ ಹೊತ್ತು ಇತ್ತು. ನಮ್ಮ ಸರ್‌ಗೆ ಇರಲಿಲ್ಲ. ದಿನಕ್ಕೆ ಐದು ಪೀರಿಯಡ್, ಆಮೇಲೆ ಬಸ್ಸಿನ ಹತ್ತಿರ ಡ್ಯೂಟಿ, ಆಮೇಲೆ ಕಂಪ್ಯೂಟರಿಗೆ ಅಂಕ ತುಂಬಿಸುವುದು. ನಮ್ಮ ಪುಸ್ತಕ ತಿದ್ದಲು ಭಾನುವಾರವೇ ಗತಿ. ಇದನ್ನು ನಾನು ಈಗ ಚೆನ್ನಾಗಿ ಬಲ್ಲೆ, ಯಾಕೆಂದರೆ ನಾನೂ ಇಲ್ಲೇ, ಇಂಗ್ಲೆಂಡಿನಲ್ಲೇ, ಗಣಿತದ ಟೀಚರ್. ನನ್ನ ಕ್ಲಾಸು ನೋಡಲು ಬೇರೆ ಶಾಲೆಯವರು ಬರುತ್ತಾರೆ. ಲಾವೋಶಿಯ ಅರ್ಧಚಂದ್ರ, ಸರ್ ಅವರ "ಯಾಕೆ ಹೀಗೆ ಯೋಚಿಸಿದೆ", ಎರಡೂ ನನ್ನ ಕ್ಲಾಸಿನಲ್ಲಿವೆ. ಎರಡನ್ನೂ ಸೇರಿಸಿ ಕಲಿಸುವ ಭಾಗ್ಯ ಎಷ್ಟು ಜನಕ್ಕಿದೆ?

ಈಗಿನ ಹೋಮ್‌ವರ್ಕು ನೋಡಿದರೆ ಬೇಜಾರಾಗುತ್ತದೆ. ಎಲ್ಲ ಆ್ಯಪಿನಲ್ಲಿ. ತಪ್ಪು ಒತ್ತಿದರೆ ಪರದೆ ಒಂದು ಕ್ಷಣ ಕೆಂಪಾಗುತ್ತದೆ, ಮುಂದಿನ ಪ್ರಶ್ನೆ ಬರುತ್ತದೆ. ತಪ್ಪು ಎಲ್ಲಿ ಹೋಯಿತು? ಮಗುವಿಗೂ ಗೊತ್ತಿಲ್ಲ, ಟೀಚರಿಗೂ ಗೊತ್ತಿಲ್ಲ. ಊರಿನಲ್ಲಿ ನನ್ನ ಅಕ್ಕನ ಮಗನದ್ದೂ ಇದೇ ಕಥೆ. ಚೀನಾದಲ್ಲೂ ಎಲ್ಲ ಸರಿಯಿಲ್ಲ. ಹೋಮ್‌ವರ್ಕು, ಟ್ಯೂಷನ್ ಹೊರೆ ಇಳಿಸಲು 2021ರಲ್ಲಿ ಸರ್ಕಾರವೇ ನಿಯಮ ತರಬೇಕಾಯಿತು. ಮಕ್ಕಳು ಹೊರಗೆ ಓಡಾಡಲಿ ಅಂತ 2024ರಲ್ಲಿ ಬೀಜಿಂಗಿನವರು ಬಿಡುವನ್ನು 10ರಿಂದ 15 ನಿಮಿಷಕ್ಕೆ ಏರಿಸಿದರು. ನಮ್ಮ ಕಾಲದಲ್ಲಿ ಆ ಹತ್ತು ನಿಮಿಷದಲ್ಲೇ ನಾವು ಮೂರು ಮಹಡಿ ಇಳಿದು ಹಗ್ಗ ಆಡಿ ಬರುತ್ತಿದ್ದೆವು.

ಆ ಶನಿವಾರ ಅಟ್ಟದ ಪೆಟ್ಟಿಗೆಯಿಂದ ತಪ್ಪಿನ ಪುಸ್ತಕ ತೆಗೆದೆ. ಕೊನೆಯ ಪುಟದಲ್ಲಿ ಒಂದು ತ್ರಾಪಿಜ್ಯದ ಲೆಕ್ಕ. ಮೂಲೆಯಿಂದ ಮೂಲೆಗೆ ಕರ್ಣ ಎಳೆದು ದಾರಿ ತಪ್ಪಿದ್ದೆ. ಪಕ್ಕದಲ್ಲಿ ಕೆಂಪು ಅರ್ಧಚಂದ್ರ, ಜೂನ್ 2011. "ನಾಳೆ ತಿದ್ದಿ ತೋರಿಸು" ಅಂದಿದ್ದರು. ಮರುದಿನ ನಾವು ವಿಮಾನದಲ್ಲಿದ್ದೆವು. ಮೇಲಿನ ಮೂಲೆಯಿಂದ ಪಕ್ಕದ ಬಾಹುವಿಗೆ ಸಮಾನಾಂತರವಾಗಿ ಒಂದು ಗೆರೆ ಎಳೆದರೆ ಸಾಕು, ಮಿಕ್ಕಿದ್ದು ತಾನೇ ಬರುತ್ತದೆ. ಎಳೆದೆ. ಪೂರ್ತಿ ಬರೆದೆ. ಫೋಟೊ ತೆಗೆದು ಗುಂಪಿಗೆ ಹಾಕಿದೆ.

ತುಂಬಾ ಹೊತ್ತು ಯಾರೂ ಏನೂ ಬರೆಯಲಿಲ್ಲ. ರಾತ್ರಿ ನನ್ನ ಅದೇ ಫೋಟೊ ವಾಪಸ್ ಬಂತು. ಕಳಿಸಿದ್ದು ಬಾನ್‌ಝಾಂಗ್. ಅರ್ಧಚಂದ್ರದ ಪಕ್ಕ ಕೆಂಪಿನಲ್ಲಿ "ಯ್ವೆ" ಅಂತ ಬರೆದಿದ್ದಳು. ತಾರೀಕನ್ನೂ ಹಾಕಿದ್ದಳು.