42 ಮೀಟರ್ ಜಾಸ್ತಿ ನಡೆಸಿದ ದಿನ

ನಾನು ಫಿಸಿಯೋಥೆರಪಿಸ್ಟ್. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಮೈಟೋಕಾಂಡ್ರಿಯಾದ (ಜೀವಕೋಶದಲ್ಲಿ ಶಕ್ತಿ ತಯಾರಿಸುವ ಭಾಗ) ಸ್ನಾಯು ಕಾಯಿಲೆ ಇರುವವರನ್ನು ವರ್ಷಕ್ಕೊಮ್ಮೆ ಕರೆಸಿ ಪರೀಕ್ಷಿಸುವ ಸ್ಟಡಿಯಲ್ಲಿದ್ದೇನೆ. ಇದರಲ್ಲಿ ಔಷಧಿ ಕೊಡುವುದಿಲ್ಲ. ಕಾಯಿಲೆ ಎಷ್ಟು ಬೇಗ ಜಾಸ್ತಿಯಾಗುತ್ತದೆ ಅಂತ ಬರೆದಿಡುತ್ತೇವೆ, ಅಷ್ಟೇ. ನಾಳೆ ಒಂದು ಔಷಧಿ ಬಂದರೆ, ಅದು ಕೆಲಸ ಮಾಡಿತಾ ಇಲ್ಲವಾ ಅಂತ ಹೇಳಲು ಈ ಲೆಕ್ಕವೇ ಬೇಕು.

ಎರಡನೇ ವಿಸಿಟ್‌ಗೆ ಹಾವೇರಿ ಕಡೆಯ ಒಬ್ಬ ಹೆಣ್ಣುಮಗಳು ತಾಯಿ ಜೊತೆ ಬಂದಿದ್ದರು. ಮಗಳಿಗೆ ತೊಡೆಯಲ್ಲಿ ಬಲವಿಲ್ಲ, ಕಣ್ಣಿನ ರೆಪ್ಪೆ ಇಳಿದಿದೆ. ತಾಯಿಗೆ ಶುಗರ್, ಕಿವಿಗೆ ಮಷೀನ್. ಇಬ್ಬರಲ್ಲೂ ಇರುವುದು ಒಂದೇ ದೋಷ: ಮೈಟೋಕಾಂಡ್ರಿಯಾದ ಡಿಎನ್ಎಯಲ್ಲಿ 3243ನೇ ಜಾಗದಲ್ಲಿ ಎ ಅಕ್ಷರದ ಬದಲು ಜಿ. ಈ ಡಿಎನ್ಎ ತಾಯಿಯಿಂದ ಬರುತ್ತದೆ. ಕೆಟ್ಟ ಪ್ರತಿಗಳು ಯಾವ ಅಂಗದಲ್ಲಿ ಎಷ್ಟಿವೆ ಅನ್ನುವುದರ ಮೇಲೆ ಒಬ್ಬೊಬ್ಬರಿಗೆ ಒಂದೊಂದು ತೊಂದರೆ.

ಮಗಳ ಸಿಕ್ಸ್ ಮಿನಿಟ್ ವಾಕ್ ಶುರುವಾಯಿತು, ಅಂದರೆ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಅಂತ ಅಳೆಯುವ ಪರೀಕ್ಷೆ. 30 ಮೀಟರ್ ಕಾರಿಡಾರ್, ಎರಡು ತುದಿಗೂ ಕೋನ್. ನಿಮಿಷಕ್ಕೊಮ್ಮೆ ಕಾರ್ಡಿನಲ್ಲಿರುವ ವಾಕ್ಯ ಮಾತ್ರ ಓದಬೇಕು, ಅದೂ ಒಂದೇ ದನಿಯಲ್ಲಿ. ಹೋದ ವರ್ಷ ಅವರು ನಡೆದದ್ದು 372 ಮೀಟರ್.

ನಾಲ್ಕನೇ ನಿಮಿಷದಲ್ಲಿ ಗೋಡೆಗೆ ಕೈ ಕೊಟ್ಟು ನಿಂತರು. ನಿಲ್ಲಬಹುದು, ಸ್ಟಾಪ್‌ವಾಚ್ ಮಾತ್ರ ನಿಲ್ಲಿಸುವ ಹಾಗಿಲ್ಲ. ಅವರ ಮೀನಖಂಡ ನಡುಗುತ್ತಿತ್ತು. ಚಪ್ಪಲಿಯಲ್ಲಿ ಕಾಲ್ಬೆರಳು ಮುದುರಿಕೊಂಡಿದ್ದವು. ಬೆಂಚಿನ ಮೇಲೆ ಕೂತಿದ್ದ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ಹತ್ತು ಸೆಕೆಂಡ್ ಆಯಿತು, ಹದಿನೈದಾಯಿತು. ನನಗೆ ತಡೆಯಲಾಗಲಿಲ್ಲ. "ಬನ್ನಿ, ಬನ್ನಿ, ಇನ್ನು ಸ್ವಲ್ಪವೇ, ನಿಮ್ಮ ಕೈಲಾಗುತ್ತೆ" ಅಂತ ಪಕ್ಕದಲ್ಲೇ ನಡೆದೆ. ಅವರು ಹಲ್ಲು ಕಚ್ಚಿ ನಡೆದರು. 414 ಮೀಟರ್!

"ಜಡ್ಡು ಕಡಿಮಿ ಆಗಾಕತ್ತೈತಿ ಅಲ್ರಿ ಮೇಡಂ?" ಅಂತ ಕೇಳಿದರು. "ಹೋದ ವರ್ಷಕ್ಕಿಂತ ಚೆನ್ನಾಗಿದೆ" ಅಂದುಬಿಟ್ಟೆ.

ಮೂರನೇ ದಿನ ಬಸ್ ಟಿಕೆಟ್ ಬಿಲ್ಲಿಗಾಗಿ ಫೋನ್ ಮಾಡಿದೆ. ತಾಯಿ ಎತ್ತಿದರು. ಎರಡೆರಡು ಸಲ ಕೂಗಿ ಹೇಳಬೇಕಾಯಿತು. "ಎರಡು ದಿನಾತ್ರಿ, ಹಾಸಿಗ್ಯಾಗೇ ಅದಾಳ. ನೀರಿನ ಚರಗಿನೂ ಎತ್ತಾಕ ಆಗವಲ್ದು."

ಫೋನ್ ಇಟ್ಟು ಸುಮ್ನೆ ಕೂತೆ. ಅವರ ಸ್ನಾಯುವಿಗೆ ಬೇಕಾದಷ್ಟು ಶಕ್ತಿ ತಯಾರಿಸಲು ಆಗುವುದಿಲ್ಲ ಅಂತ ನಾನೇ ಜೂನಿಯರ್‌ಗಳಿಗೆ ಪಾಠ ಮಾಡುತ್ತೇನೆ. ಆದರೂ ಆ ಕ್ಷಣ ಅವರು ಗೆಲ್ಲಲಿ ಅನ್ನಿಸಿತ್ತು. ಹೆಚ್ಚಾದ 42 ಮೀಟರ್ ಕಾಯಿಲೆಯ ಲೆಕ್ಕವೇ ಅಲ್ಲ, ನನ್ನ ಒತ್ತಾಯದ ಲೆಕ್ಕ.

ಅವತ್ತೇ ಸರ್‌ಗೆ ಹೇಳಿ ಪ್ರೋಟೋಕಾಲ್ ಡೀವಿಯೇಷನ್, ಅಂದರೆ ಸ್ಟಡಿಯ ನಿಯಮ ತಪ್ಪಿದ್ದೇನೆ ಅಂತ, ಬರೆದೆ. ಈಗ ಕಾರ್ಡಿನಾಚೆ ಒಂದು ಮಾತೂ ಆಡುವುದಿಲ್ಲ. ಎರಡು ದಿನ ಬಿಟ್ಟು ಎಲ್ಲರಿಗೂ ಫೋನ್ ಮಾಡುತ್ತೇನೆ. ಪ್ರತಿಯೊಬ್ಬರ ಅಳತೆ ಬರೆದಿಡುವ ನಮ್ಮ ಫಾರಂ, ಸಿಆರ್‌ಎಫ್‌ನಲ್ಲಿ ಮೀಟರ್‌ಗೆ ಜಾಗ ಇದೆ, ಮಾರನೇ ದಿನದ ಸುಸ್ತಿಗೆ ಇಲ್ಲ. ಅದಕ್ಕೂ ಜಾಗ ಕೊಡಿ ಅಂತ ಸರ್ ಹತ್ತಿರ ಎರಡು ಸಲ ಕೇಳಿದೆ. "ಮುಂದಿನ ಅಮೆಂಡ್‌ಮೆಂಟ್‌ನಲ್ಲಿ ನೋಡೋಣ" ಅಂದರು. ಅಲ್ಲಿಯವರೆಗೆ ರಿಮಾರ್ಕ್ಸ್‌ನಲ್ಲಿ ತುರುಕುತ್ತಿದ್ದೇನೆ.

ಮೂರನೇ ವಿಸಿಟ್‌ನಲ್ಲಿ 358 ಮೀಟರ್. ಕುರ್ಚಿಯಲ್ಲಿ ಕೂತು ಅವರು ಕೇಳಿದರು, "ಈ ಸಲ ಯಾಕ್ರಿ ಮೇಡಂ, ಮಾತೇ ಆಡ್ಲಿಲ್ಲ?"

ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಹೋದ ವರ್ಷದ್ದೆಲ್ಲ ಬಿಡಿಸಿ ಹೇಳಿದೆ.