ಗಂಡನ ಬೀಡಿಯ ಲೆಕ್ಕ

9 ಜನವರಿ 2025, ಗುರುವಾರ
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ

ಪ್ರತಿ ತಿಂಗಳ ಒಂಬತ್ತು ಗರ್ಭಿಣಿಯರ ಉಚಿತ ತಪಾಸಣೆಯ ದಿನ. ಆಶಾ ಕಾರ್ಯಕರ್ತೆಯಾಗಿ ಇವತ್ತು ಐದು ತಿಂಗಳು ತುಂಬಿದ ಹುಡುಗಿಯೊಬ್ಬಳನ್ನು ಕರೆದುಕೊಂಡು ಹೋಗಿದ್ದೆ. ತೂಕ, ಬಿ.ಪಿ., ರಕ್ತ ಎಲ್ಲವೂ ಆಯಿತು. ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ನುಂಗುತ್ತಾಳೆ, ಸೊಪ್ಪು ತಿನ್ನುತ್ತಾಳೆ. ಗಂಡ ಮಾತ್ರ ಅವಳ ಪಕ್ಕದಲ್ಲೇ ಕುಳಿತು ಬೀಡಿ ಸೇದುತ್ತಾನೆ. ಕೇಳಿದರೆ, "ನಾನು ಜಗಲಿಯಲ್ಲಿ ಸೇದುತ್ತೇನೆ ಅಕ್ಕ, ಒಳಗಲ್ಲ" ಎನ್ನುತ್ತಾನೆ. ಜಗಲಿಯ ಹೊಗೆ ಬಾಗಿಲಲ್ಲಿ ನಿಲ್ಲುತ್ತದೆಯೇ?

ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತಕ್ಕೆ ಅಂಟಿಕೊಳ್ಳುವ ಬಲ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು. ತಾಯಿ ಉಸಿರಾಡಿದ ನಿಕೋಟಿನ್ ಮಾಸು ದಾಟಿ ಮಗುವನ್ನು ಮುಟ್ಟುತ್ತದೆ. ಮಗು ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟುವ, ದಿನ ತುಂಬುವ ಮೊದಲೇ ಹುಟ್ಟುವ ಅಪಾಯ ಹೆಚ್ಚುತ್ತದೆ. ಹುಟ್ಟಿದ ಮೇಲೂ ಅದೇ ಹೊಗೆಯಿಂದ ನ್ಯುಮೋನಿಯಾ, ಕಿವಿ ಸೋರುವಿಕೆ, ನಿದ್ದೆಯಲ್ಲೇ ಹಠಾತ್ ಸಾವಿನ ಅಪಾಯವೂ ಉಂಟು. ಇಷ್ಟನ್ನೂ ಅವನ ಮುಂದೆ ಹೇಳಿದೆ. ತಲೆ ತಗ್ಗಿಸಿ ಕೇಳಿಸಿಕೊಂಡ.

ನನಗೆ ಹೆಚ್ಚು ಸಂಕಟವಾದದ್ದು ಇನ್ನೊಂದು ಮನೆಯಲ್ಲಿ. ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲ. ಸೊಸೆಗೆ ಸ್ಕ್ಯಾನಿಂಗ್ ಆಯಿತು, ಗೊರವನಹಳ್ಳಿ ಲಕ್ಷ್ಮಿಗೆ ಹರಕೆಯಾಯಿತು, ಯಡಿಯೂರಿಗೆ ಹೋಗಿ ಬಂದದ್ದಾಯಿತು. ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದುವ ಮಗನ ವೀರ್ಯ ಪರೀಕ್ಷೆ ಮಾತ್ರ ಈವರೆಗೆ ಆಗಿಲ್ಲ! ತೆಂಗಿನ ಹರಳು ಉದುರಿದರೆ ನೀರು, ಗೊಬ್ಬರ, ರೋಗ ಎಲ್ಲವನ್ನೂ ನೋಡುವ ಮನೆ ಅದು. ಮಕ್ಕಳ ವಿಷಯ ಬಂದರೆ ಸೊಸೆಯೊಬ್ಬಳನ್ನೇ ನೋಡುತ್ತದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಧೂಮಪಾನದಿಂದ ವೀರ್ಯಾಣುಗಳ ಸಂಖ್ಯೆ ಕುಗ್ಗುತ್ತದೆ, ಚಲನೆ ನಿಧಾನವಾಗುತ್ತದೆ, ಅವುಗಳೊಳಗಿನ ಡಿಎನ್‌ಎ ಕೆಡುತ್ತದೆ. ಹಾಗೆ ಕೆಟ್ಟರೆ ಗರ್ಭ ನಿಂತರೂ ಇಳಿದುಹೋಗುವ ಸಂಭವ ಹೆಚ್ಚು. ಆಗಲೂ ಮಾತು ಕೇಳುವವಳು ಅವಳೇ.

ಅತ್ತೆಗೆ ಹೇಳಿದೆ: ಹೊಸ ವೀರ್ಯಾಣು ತಯಾರಾಗಲು ಎರಡೂವರೆಯಿಂದ ಮೂರು ತಿಂಗಳು ಬೇಕು, ಆದ್ದರಿಂದ ಮಗ ಸಿಗರೇಟನ್ನು ಇವತ್ತೇ ಬಿಡಲಿ, ಯುಗಾದಿ ಕಳೆಯುವ ಹೊತ್ತಿಗೆ ಫಲ ಕಾಣಲು ಶುರುವಾಗಬಹುದು. ಆಕೆಗೆ ಇಷ್ಟವಾಗಲಿಲ್ಲ. ಮಗ ಮಾತ್ರ ನನ್ನ ಹಿಂದೆಯೇ ಅಂಗಳಕ್ಕೆ ಬಂದು, "ಬಿಡುವುದು ಹೇಗೆ?" ಎಂದು ಕೇಳಿದ. ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ 1800-11-2356 ಅನ್ನು ಅವನ ಮೊಬೈಲ್‌ನಲ್ಲಿ ನಾನೇ ಉಳಿಸಿಕೊಟ್ಟೆ.

ಬರುವ ತಿಂಗಳ ಒಂಬತ್ತು ಭಾನುವಾರ, ತಪಾಸಣೆ ಸೋಮವಾರಕ್ಕೆ. ಇಬ್ಬರು ಗಂಡಂದಿರೂ ಜೊತೆಗೆ ಬರಬೇಕೆಂದು ಈಗಲೇ ಹೇಳಿಟ್ಟಿದ್ದೇನೆ.